ಅಕ್ಕನ ಹೆಸರಿನ ಆಹ್ವಾನ

ಮನೆಯಿಂದ,
ಭಾನುವಾರ, ಜೂನ್ ಒಂಬತ್ತು

ಚಿರಂಜೀವಿ ಮಗನಿಗೆ,

ಆಶೀರ್ವಾದವೆಂದು ಮುಂದುವರಿಸುವುದು ರೂಢಿ. ಸದ್ಯಕ್ಕೆ ತಡೆಹಿಡಿದಿದ್ದೇನೆ. ನಿನ್ನ ಬೆನ್ನುನೋವು ಹೇಗಿದೆ? ತಂದೆಯಾದವನು ಕೇಳಬೇಕಾದ್ದರಿಂದ ಕೇಳಿದೆ. ನಿನ್ನ ತಾಯಿಯ ಆರೋಗ್ಯವನ್ನು ನೀನು ವಿಚಾರಿಸಿಲ್ಲ. ಆದರೂ ತಿಳಿಸುತ್ತೇನೆ, ರಕ್ತದೊತ್ತಡ ಏರಿದೆ. ಕಾರಣ ನೀನು.

ಗುರುವಾರ ಬೆಳಿಗ್ಗೆ ಅವಳ ಫೋನಿಗೆ ನಿನ್ನ ಅಕ್ಕನ ಹೆಸರಿನಿಂದ, ಅದೇ ನಗುಮುಖದ ಚಿತ್ರದೊಡನೆ, ಒಂದು ಸಂದೇಶ ಬಂತು: 'ನಿಮ್ಮ ನೆನಪಾಯಿತು. ನನ್ನ ಜೊತೆ ಸೇರಿಕೊಳ್ಳುತ್ತೀರಾ?' ಮಗಳನ್ನು ಕಳೆದುಕೊಂಡು ಇನ್ನೂ ಮೂರು ತಿಂಗಳು ತುಂಬಿಲ್ಲ. ನಿನ್ನ ತಾಯಿ ಸೌಟು ಕೈಬಿಟ್ಟು ನೆಲದ ಮೇಲೇ ಕುಳಿತಳು. ಎದುರುಮನೆಯ ದರ್ಜಿ ತನಗೂ ಅದೇ ಬಂದಿದೆಯೆಂದು ಗಾಬರಿಯಿಂದ ಓಡಿಬಂದ ಮೇಲಷ್ಟೇ, ಇದು ನಿನ್ನ ಕ್ರಿಪ್ಟೊ ಕಂಪನಿಯ, ಒಬ್ಬರ ಹೆಸರಿನಿಂದ ಇನ್ನೊಬ್ಬರನ್ನು ಸೇರಿಸಿಕೊಳ್ಳುವ ರೆಫರಲ್ ಯೋಜನೆಯ ಕರೆಯೋಲೆಯೆಂದು ನನಗೆ ಹೊಳೆಯಿತು.

ಫೋನಿನಲ್ಲಿ ನೀನು ಕೊಟ್ಟ ಸಮಜಾಯಿಷಿ ಇದು: "ಸಿಸ್ಟಮ್ ತಾನಾಗೇ ಕಳಿಸತ್ತಪ್ಪಾ. ಅಕ್ಕನ ಹೆಸರು ತೆಗೆದ್ರೆ ಅವಳ ಕೆಳಗೆ ಸೇರಿದೋರೆಲ್ಲ ಕಳಚಿ ಹೋಗ್ತಾರೆ." ಕಾಲೇಜಿನ ಚರ್ಚಾಕೂಟದಲ್ಲಿ ಇಂಥ ವಾದ ಹೂಡಿದವನಿಗೆ ನಾನು ನಿಂತಲ್ಲೇ ನೀರಿಳಿಸುತ್ತಿದ್ದೆ. ಯಾವ ಸಿಸ್ಟಮ್ಮೂ ತಾನಾಗಿ ಹುಟ್ಟುವುದಿಲ್ಲ. "ಕಂಪನಿ ಕರೆದ್ರೆ ಯಾರೂ ಬರಲ್ಲ, ಮನೆಯವರು ಕರೆದ್ರೆ ಬರ್ತಾರೆ" ಎಂದು ನಮ್ಮ ಊಟದ ಮೇಜಿನಲ್ಲೇ ಉಪದೇಶ ಮಾಡಿದವನು ನೀನು. ಸುಮ್ಮನಿರುವವರಿಗೆ 'ನೆನಪಾಯಿತು' ಎಂದು ಮತ್ತೆ ಮತ್ತೆ ಕಳಿಸುವ ಏರ್ಪಾಟೂ ನಿನ್ನದೇ. ಅಕ್ಕ ಒಪ್ಪಿದ್ದಳು ಎನ್ನುವೆಯಾ? ಹೇಗೆ ಒಪ್ಪಿದಳೆಂಬುದನ್ನು ನಾನೂ ಕೇಳಿಸಿಕೊಂಡಿದ್ದೇನೆ: "ಹಾಕ್ಕೊಳ್ಳೋ ನನ್ನ ಹೆಸರು, ಮೀಸೆ ಬಂದ್ರೂ ನಿನ್ನ ಗೋಳು ತಪ್ಪಲಿಲ್ಲ." ತಮ್ಮನ ಕಾಟ ತಾಳಲಾರದೆ ಕೊಟ್ಟ ಹೆಸರು ಅದು, ತಾನಿಲ್ಲದಾಗಲೂ ಜನರನ್ನು ಕರೆಯಲು ಕೊಟ್ಟ ಪರವಾನಗಿಯಲ್ಲ. ದಂತವೈದ್ಯೆಯೆಂದು ಅವಳ ಬಳಿ ಹಲ್ಲು ತೋರಿಸಿಕೊಂಡವರು ಅವಳ ಮುಖ ನೋಡಿ ಸೇರಿದರು. ಆ ನಂಬಿಕೆ ಅವಳ ದುಡಿಮೆ, ನಿನ್ನ ಸ್ವತ್ತಲ್ಲ.

ಈ ಪತ್ರ ಕೈಸೇರಿದ ದಿನವೇ ಅವಳ ಹೆಸರನ್ನೂ ಚಿತ್ರವನ್ನೂ ತೆಗೆ. ಕಳಚಿ ಹೋಗುವವರು ಹೋಗಲಿ. ಆಗದೆಂದರೆ, ನನ್ನನ್ನು ಅಪ್ಪಾ ಎಂದು ಕರೆಯುವುದನ್ನು ಬಿಡು.

ನಿನ್ನ ತಾಯಿ ಆಶೀರ್ವಾದ ತಿಳಿಸಲು ಹೇಳಿದ್ದಾಳೆ. ತಿಳಿಸಿದ್ದೇನೆ.

ಇಂತು,
ನಿನ್ನ ತಂದೆ

ಮರೆತ ಮಾತು: ಲಕೋಟೆ ಅಂಟಿಸುವಷ್ಟರಲ್ಲಿ ಕಂಡೆ. ನಿನ್ನ ತಾಯಿ ಆ ಸಂದೇಶಕ್ಕೆ ಒಪ್ಪಿಗೆ ಒತ್ತಿದ್ದಾಳೆ. 'ನೀವು ಬಂದದ್ದು ಖುಷಿಯಾಯಿತು' ಎಂದು ಮಗಳ ಹೆಸರಿನಲ್ಲಿ ಉತ್ತರವೂ ಬಂದಿದೆ. ಅಡುಗೆಮನೆಯಲ್ಲಿ ಒಬ್ಬಳೇ ಫೋನು ಹಿಡಿದು, "ತಿಂಡಿ ತಿಂದ್ಯಾ?" ಎಂದು ಕೇಳುತ್ತಿದ್ದಳು. ಬರೆದದ್ದರಲ್ಲಿ ಒಂದಕ್ಷರವನ್ನೂ ಹಿಂತೆಗೆದುಕೊಳ್ಳುವುದಿಲ್ಲ. ಆದರೆ ಅಕ್ಕನ ಹೆಸರನ್ನು ಅಲ್ಲಿ ಕುಳಿತೇ ತೆಗೆದುಬಿಡಬೇಡ. ಮೊದಲು ಮನೆಗೆ ಬಾ. ಆ ಸಂದೇಶದ ಸಾಲುಗಳನ್ನು ಬರೆದವನು ನೀನೆಂದು ಅವಳ ಎದುರು ಕುಳಿತು ನೀನೇ ಹೇಳು. ಅಡುಗೆಮನೆಯ ಬಾಗಿಲವರೆಗೆ ಹೋದೆ; ನನ್ನಿಂದ ಹೇಳಲಾಗಲಿಲ್ಲ.