ಗೇಟಿನಲ್ಲಿ ತೆಗೆದ ಫೋಟೋ

ಅಮ್ಮಾ,

ನಿನ್ನ ಕಣ್ಣು ಮಂಜಾಗಿದ್ದು ನನಗೆ ಗೊತ್ತಿತ್ತು. ನೀನು ಹೇಳುವ ಮೊದಲೇ, ಡಾಕ್ಟರು ಹೇಳುವ ಮೊದಲೇ. ಬಾಯಿಗೆ ಬಂದದ್ದನ್ನು ಎದುರಿಗೇ ಹೇಳಿಬಿಡುವ ನಾನು ಇದೊಂದನ್ನು ಒಳಗೇ ಇಟ್ಟುಕೊಂಡೆ, ನೀನು ಹೋಗುವವರೆಗೂ.

ಹತ್ತನೇ ಕ್ಲಾಸನ್ನು ಅರ್ಧಕ್ಕೆ ಬಿಟ್ಟು ಬಂದ ದಿನ ನಿನ್ನ ಬೈಗುಳಕ್ಕೆ ತಯಾರಾಗಿಯೇ ಬಂದಿದ್ದೆ. ಯಲಹಂಕದ ನಮ್ಮ ಸ್ಟುಡಿಯೋದಲ್ಲಿ ಯಾರದೋ ಪಾಸ್‌ಪೋರ್ಟ್ ಫೋಟೋ ಕತ್ತರಿಸುತ್ತಿದ್ದ ನೀನು ತಲೆಯನ್ನೂ ಎತ್ತಲಿಲ್ಲ. "ಪುಸ್ತಕದ ಬ್ಯಾಗ್ ಹೊರೋಕಾಗಲ್ಲ ತಾನೆ? ಹಂಗಾದ್ರೆ ಈ ಬ್ಯಾಗ್ ಹೊರು" ಎಂದು ಕ್ಯಾಮೆರಾ ಬ್ಯಾಗನ್ನು ಕಾಲಿನಿಂದ ನನ್ನ ಕಡೆ ತಳ್ಳಿದೆ.

ಮೊದಲ ಸಲ ಕಬಡ್ಡಿ ಲೀಗ್‌ಗೆ ಹೋದಾಗ ನಮ್ಮ ಕೈಯಲ್ಲಿದ್ದದ್ದು ಬರೀ ಟಿಕೆಟ್. ಗೇಟಿನ ಸೆಕ್ಯುರಿಟಿಯವನು ನಿನ್ನ ಲೆನ್ಸನ್ನು ಗೇಣು ಹಾಕಿ ಅಳೆದ. "ಇಷ್ಟುದ್ದದ್ದು ಪಾಸ್ ಇಲ್ದೆ ಬಿಡಲ್ಲ ಮೇಡಂ."

"ಮದುವೆ ಮನೇಲಿ ಇದನ್ನ ಕಂಡ್ರೆ ಜನ ತಲೆ ಬಾಚ್ಕೊಂಡು ಬರ್ತಾರೆ ಕಣಪ್ಪ, ನೀನ್ ನೋಡಿದ್ರೆ ಹೆದರ್ಕೋತೀಯಲ್ಲ!"

ಅವನು ನಕ್ಕ. ಆದರೆ ಬಿಡಲಿಲ್ಲ. ನಾವು ಹೊರಗೆ ಕಡಲೆಕಾಯಿ ತಿನ್ನುತ್ತಾ ಒಳಗಿನ ಕೂಗಾಟ ಕೇಳಿದೆವು. ಮುಂದಿನ ಸೀಸನ್‌ಗೆ ಒಂದು ಪತ್ರಿಕೆಯವರ ಬೆನ್ನು ಬಿದ್ದು ಫೋಟೋಗ್ರಾಫರ್ ಪಾಸ್ ಮಾಡಿಸಿಕೊಂಡೆಯಲ್ಲ, ಆ ದಿನ ನಿನ್ನ ಮುಖ...

ಪಾಸ್ ಒಬ್ಬರಿಗೆ ಮಾತ್ರ. ಗೇಟಿನಲ್ಲಿ ಹಗ್ಗ ಕಟ್ಟಿದ ಕಡೆಯವರೆಗೆ ಬ್ಯಾಗ್ ಹೊತ್ತು ತರುವುದು ನನ್ನ ಕೆಲಸ. ಆಚೆ ನೀನು ಮೇಜಿನ ಮೇಲೆ ಕ್ಯಾಮೆರಾ, ಲೆನ್ಸು, ಬ್ಯಾಟರಿ ಎಲ್ಲ ಬಿಚ್ಚಿ ಹರಡುತ್ತಿದ್ದೆ. ಕೊನೆಗೆ ಸೆಕ್ಯುರಿಟಿಯವರು "ಒಂದು ಕ್ಲಿಕ್ ಮಾಡಿ ತೋರಿಸಿ ಮೇಡಂ" ಅನ್ನುತ್ತಿದ್ದರು, ಅದು ನಿಜವಾದ ಕ್ಯಾಮೆರಾ ಹೌದೋ ಅಲ್ಲವೋ ನೋಡಲು. ಉಳಿದವರು ನೆಲಕ್ಕೋ ತಮ್ಮ ಬೂಟಿಗೋ ಹಿಡಿದು ಒತ್ತುತ್ತಿದ್ದರು. ನೀನು ಮಾತ್ರ ಪ್ರತಿ ಸಲವೂ ಹಗ್ಗದ ಈಚೆ ನಿಂತ ನನ್ನ ಕಡೆ ತಿರುಗುತ್ತಿದ್ದೆ. "ನೆಟ್ಟಗೆ ನಿಂತ್ಕೊಳ್ಳೇ, ಬಾಲ ಸುಟ್ಟ ಬೆಕ್ಕಿನ ಥರ ಆಡ್ಬೇಡ!"

ಒಂದು ದಿನ ನಾನು ಕೆಂಪು ಕುರ್ತಾ ಹಾಕಿದ್ದೆ. ನೀನು ಲೆನ್ಸ್ ಜೋಡಿಸುವಷ್ಟರಲ್ಲಿ ನೀರು ಕುಡಿಯಲು ಪಕ್ಕಕ್ಕೆ ಹೋದೆ. ತಿರುಗಿ ನೋಡಿದರೆ ನೀನು ಕ್ಯಾಮೆರಾ ಎತ್ತಿ, ನಾನು ನಿಂತಿದ್ದ ಜಾಗದ ಹಿಂದಿನ ಕಂಬದ ಕಡೆ ಹಿಡಿದಿದ್ದೀಯ. ಕಂಬಕ್ಕೆ ಬೆಂಕಿ ಆರಿಸುವ ಕೆಂಪು ಸಿಲಿಂಡರ್ ತೂಗುಹಾಕಿದ್ದರು. "ಸ್ವಲ್ಪ ನಗೇ. ಮೂತಿ ಯಾಕ್ ಊದಿಸ್ಕೊಂಡಿದೀಯ?" ಎಂದು ಅದಕ್ಕೆ ಹೇಳಿದೆ. ಸೆಕ್ಯುರಿಟಿಯವನು ಬಾಯಿ ತೆರೆದ. ನಾನು ತುಟಿಯ ಮೇಲೆ ಬೆರಳಿಟ್ಟೆ. ನೀನು ಕ್ಲಿಕ್ ಮಾಡಿ ಒಳಗೆ ಹೋದೆ.

ಫೋಟೋಗಳನ್ನು ಕಂಪ್ಯೂಟರಿಗೆ ಹಾಕುವ ಕೆಲಸ ನನ್ನದಾಗಿದ್ದರಿಂದ ನಿನಗೆ ತಿಳಿಯಲಿಲ್ಲ. ಸಿಲಿಂಡರಿನ ಫೋಟೋವನ್ನು ಅಳಿಸಿಲ್ಲಮ್ಮ. ಫೋಕಸ್ ಎಷ್ಟು ಚೆನ್ನಾಗಿ ಬಿದ್ದಿದೆ ಗೊತ್ತಾ?

ಅದಾದ ಮೇಲೆ ನೀನು ಒಳಗೆ ಹೋಗುವವರೆಗೆ ನಾನು ನಿಂತ ಜಾಗ ಬಿಟ್ಟು ಕದಲಲಿಲ್ಲ. ಕ್ಲಾಸಿನಲ್ಲಿ ಒಂದು ಪೀರಿಯಡ್ ಕೂರಲಾಗದವಳು! ಪ್ರತಿ ಸಲವೂ ಅದೇ ಕೆಂಪು ಕುರ್ತಾ. "ಬೇರೆ ಬಟ್ಟೆ ಇಲ್ವಾ ನಿಂಗೆ?" ಎಂದು ನೀನು ರೇಗುತ್ತಿದ್ದೆ. ಸಕ್ಕರೆ ಕಾಯಿಲೆ ಕಣ್ಣಿನಿಂದ ಕಿಡ್ನಿಗೆ ಇಳಿಯಿತು ಎಂದು ಡಾಕ್ಟರು ಹೇಳಿದಾಗ ಅನ್ನಿಸಿತು, ನಾನು ಬಾಯಿಬಿಟ್ಟಿದ್ದರೆ ನೀನು ಇನ್ನೂ ಬೇಗ ಆಸ್ಪತ್ರೆಗೆ... ಬರುತ್ತಿದ್ದೆಯಾ? ಇಲ್ಲವೇ ಪಾಸ್ ಕಿತ್ತುಕೊಳ್ಳುತ್ತಾರೆಂದು ನನ್ನನ್ನೇ ಬಯ್ಯುತ್ತಿದ್ದೆಯಾ? ಯಾರನ್ನು ಕೇಳಲಿ?

ನಿನ್ನ ಕಾರ್ಯ ಮುಗಿದ ಮೇಲೆ ಆರ್.ಟಿ. ನಗರದಿಂದ ಸಲೀಮ್ ಅಂಕಲ್ ಬಂದಿದ್ದರು, ಕಬಡ್ಡಿ ಅಂಕಣದ ಪಕ್ಕ ನಿನ್ನ ಜೊತೆ ಕೂತು ಫೋಟೋ ತೆಗೆಯುತ್ತಿದ್ದವರು. "ಅಮ್ಮನ ಪಾಸ್ ಈ ಸೀಸನ್ ಪೂರ್ತಿ ನಡೆಯತ್ತೆ ಮಗಾ. ನಿಂದೂ ಅದೇ ಮುಖ. ಹಾಕ್ಕೊಂಡು ಹೋಗ್ಬಿಡು, ಯಾರ್ ನೋಡ್ತಾರೆ?"

"ಯಾರೂ ನೋಡ್ದೆ ಇರಬಹುದು ಅಂಕಲ್. ಆದ್ರೆ ಅದು ಅಮ್ಮಂದು."

"ನಿಮ್ಮಮ್ಮಂಗಿಂತ ಮೊಂಡಿ ಕಣೇ ನೀನು" ಅಂದರು. ಆಮೇಲೆ ಅವರೇ ನನ್ನನ್ನು ಪತ್ರಿಕೆಯವರ ಹತ್ತಿರ ಕರೆದುಕೊಂಡು ಹೋದರು. ಅಲ್ಲಾಳಸಂದ್ರದ ಮೈದಾನದಲ್ಲಿ ಹುಡುಗಿಯರ ಕಬಡ್ಡಿಯನ್ನು ನಾನು ತೆಗೆದಿದ್ದೆನಲ್ಲ, ಆ ಫೋಟೋಗಳನ್ನು ಪತ್ರಿಕೆಯವರು ನೋಡಿದರು.

ಇವತ್ತು ಪಾಸ್ ಬಂತಮ್ಮ. ನನ್ನ ಹೆಸರಿನಲ್ಲಿ. ಮೊದಲ ಪಂದ್ಯ ಹೈದರಾಬಾದಿನಲ್ಲಿ. ನಿನ್ನ ಲೆನ್ಸನ್ನು ಒರೆಸಿ ಬ್ಯಾಗಿಗೆ ಹಾಕಿದ್ದೇನೆ. ಅಲ್ಲಿಯೂ ಗೇಟಿನಲ್ಲಿ ಒಂದು ಕ್ಲಿಕ್ ಮಾಡಿ ಅನ್ನುತ್ತಾರೆ. ಹಗ್ಗದ ಈಚೆ ಯಾರೂ ಇರುವುದಿಲ್ಲ. ಆದರೂ ನಾನು ನೆಲಕ್ಕೆ ಹಿಡಿಯುವುದಿಲ್ಲ, ಆ ಕಡೆಗೇ ತಿರುಗುತ್ತೇನೆ.

ಯಶವಂತಪುರದಿಂದ ರೈಲು. ನಾಳೆ ಹೊರಡುತ್ತಿದ್ದೇನೆ.