ತುರಿಕೆಗೆ ಹತ್ತರಲ್ಲಿ ಎಷ್ಟು?

ಹೊಲಿಗೆ ಕೋಣೆಯಿಂದ,
ಹನ್ನೆರಡನೇ ತಾರೀಕು, ಗುರುವಾರ

ರೀ,

ಊಟ ತಿಂಡಿ ಹೊತ್ತಿಗೆ ಸರಿಯಾಗಿ ಆಗುತ್ತಿದೆಯೇ? ಸುರಂಗದ ಧೂಳಿಗೆ ಮತ್ತೆ ಕೆಮ್ಮು ಶುರುವಾಗಿಲ್ಲ ತಾನೇ? ಮೂಗಿಗೆ ಕಟ್ಟಿಕೊಳ್ಳಲು ಹೊಲಿದು ಕಳಿಸಿದ ಬಟ್ಟೆಗಳನ್ನು ಬಳಸುತ್ತೀರೋ, ಇಲ್ಲ ಪೆಟ್ಟಿಗೆಯಲ್ಲಿ ಮಡಿಸಿಟ್ಟು ಜೋಪಾನ ಮಾಡುತ್ತೀರೋ? ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಲು ಈ ಸಲ ಮನಸ್ಸು ಬರುತ್ತಿಲ್ಲ. ಗಾಬರಿಯಾಗಬೇಡಿ, ಪೂರ್ತಿ ಓದಿ.

ನಮ್ಮ ಮಗಳು ಗುಬ್ಬಿಯನ್ನು ನೋಡುವ ಚರ್ಮದ ಡಾಕ್ಟರು ಹೊಸ ಇಂಜೆಕ್ಷನ್ ಬಗ್ಗೆ ಹೇಳಿದ್ದನ್ನು ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದೆ. ಹತ್ತು ವರ್ಷದ ಹುಡುಗಿ, ಇಷ್ಟರಲ್ಲೇ ಹಚ್ಚದ ಮುಲಾಮಿಲ್ಲ, ಕುಡಿಯದ ಔಷಧಿಯಿಲ್ಲ. ಇದು ಆಂಟಿಬಾಡಿ ಔಷಧಿಯಂತೆ. ‘ಕೆರೆ, ಕೆರೆ’ ಎಂದು ಚರ್ಮದಿಂದ ನರಕ್ಕೆ ಸುದ್ದಿ ಮುಟ್ಟಿಸುವ ಒಂದು ವಸ್ತು ಮೈಯೊಳಗಿದೆಯಂತೆ. ಈ ಔಷಧಿ ಆ ಸುದ್ದಿಯನ್ನೇ ದಾರಿಯಲ್ಲಿ ತಡೆಯುತ್ತದಂತೆ. ಎರಡು ವಾರಕ್ಕೊಂದು ಚುಚ್ಚುಮದ್ದು. ಕಣ್ಣು ಕೆಂಪಾಗಬಹುದು, ಎಲ್ಲ ಮಕ್ಕಳಿಗೂ ಒಂದೇ ಥರ ಹಿಡಿಸುವುದಿಲ್ಲ ಎಂದೂ ಮುಚ್ಚುಮರೆಯಿಲ್ಲದೆ ಹೇಳಿದರು. ಆದರೆ ತೀರಾ ಜೋರಾಗಿರುವವರಿಗೆ ಮಾತ್ರ ಕೊಡುವುದು ಆ ಆಸ್ಪತ್ರೆಯ ಕ್ರಮ. ಅದಕ್ಕೊಂದು ಪುಟ್ಟ ಪುಸ್ತಕ. ದಿನಾ ಸಂಜೆ ಮಗುವೇ ತನ್ನ ತುರಿಕೆಗೆ ಹತ್ತರಲ್ಲಿ ಅಂಕ ಹಾಕಬೇಕು, ಅಮ್ಮ ಇಣುಕಬಾರದು. ಏಳು ದಾಟಿದರೆ ಇಂಜೆಕ್ಷನ್.

ನಿನ್ನೆ ಡಾಕ್ಟರು ಪುಸ್ತಕ ತೆರೆದರೆ ಮೂರು, ಮೂರು, ಎರಡು, ಮೂರು. ಅವಳಿಗೆಂದು ಹೊಲಿದ ಹತ್ತಿಯ ಕೈಗವಸುಗಳನ್ನು ಚೀಲದಿಂದ ತೆಗೆದು ಅವರ ಮೇಜಿನ ಮೇಲೆ ಸುರಿದೆ. ಎರಡು ವಾರಕ್ಕೆ ಒಂಬತ್ತು ಜೊತೆ! ಎಲ್ಲದರ ಬೆರಳ ತುದಿಯೂ ಕೆರೆದು ಕೆರೆದು ತೂತು, ಕೆಲವಕ್ಕೆ ರಕ್ತದ ಕಲೆ. ಡಾಕ್ಟರು ಒಂದೊಂದನ್ನೂ ತಿರುಗಿಸಿ ನೋಡಿದರು. “ನನಗೆ ಅರ್ಥವಾಗುತ್ತದೆ, ಆದರೆ ಮಗು ಪಡುವ ತುರಿಕೆಗೆ ನಾನು ಅಂಕ ಹಾಕುವ ಹಾಗಿಲ್ಲ, ಇನ್ನೆರಡು ವಾರ ಬರೆಸಿ ತನ್ನಿ” ಎಂದರು. ಆಗಲೂ ತಪ್ಪಿದರೆ ಮತ್ತೆ ಆರು ತಿಂಗಳು ಕಾಯಬೇಕು.

ಬಸ್ಸಿನಲ್ಲಿ ಬಾಯಿಗೆ ಬಂದಂತೆ ಬೈದೆ ರೀ, ಜನ ತಿರುಗಿ ನೋಡುವಷ್ಟು. ಅವಳು ಕಿಟಕಿಯ ಕಡೆ ಮುಖ ಮಾಡಿ, ಮೊಣಕೈ ಕೆರೆಯುತ್ತಲೇ ಹೇಳಿದಳು: “ನಾನು ಹತ್ತು ಅಂದ್ರೆ ನೀನು ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಅಳ್ತೀಯ. ನಮ್ಮನೇಲಿ ಯಾರೂ ನೋವು ಅನ್ನಲ್ವಲ್ಲ ಅಮ್ಮ. ಅಪ್ಪ ಅಂತೂ ಎಲ್ಲದಕ್ಕೂ ಪರವಾಗಿಲ್ಲ ಅಂತಾರೆ.”

ನಿಜ ತಾನೇ? ನಾನು ಸೊಸೆಯಾಗಿ ಬಂದ ಹೊಸದರಲ್ಲಿ ನಿಮ್ಮಮ್ಮ ಬಾಗಿಲಿಗೆ ಬೆರಳು ಸಿಕ್ಕಿಸಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡೇ ಪರವಾಗಿಲ್ಲ ಎಂದಿದ್ದರು. ನೀವು ಅವರ ಮಗ. ಹನ್ನೆರಡು ವರ್ಷದಲ್ಲಿ ನಾನೂ ಕಲಿತೆ, ಸೂಜಿ ಉಗುರಿನೊಳಗೆ ಹೋದರೂ ಪರವಾಗಿಲ್ಲ. ಭಾನುವಾರದ ಫೋನಿನಲ್ಲಿ ಮೂವರೂ ಅದನ್ನೇ ಹೇಳಿ ಇಟ್ಟುಬಿಡುತ್ತೇವೆ. ಎಂಥ ದರಿದ್ರ ಅಭ್ಯಾಸ ಅಂಟಿಸಿದೆವು ಮಗುವಿಗೆ! ನಿನ್ನೆ ಸಂಜೆ ಬಚ್ಚಲಿಗೆ ಹೋಗದೆ ಅವಳೆದುರಿಗೇ ಕೂತು ಅತ್ತುಬಿಟ್ಟೆ, ಆಮೇಲೆ ಪುಸ್ತಕ ಕೊಟ್ಟೆ. ತುಂಬಾ ಹೊತ್ತು ಯೋಚಿಸಿ ಬರೆದಳು. ಇಣುಕಬಾರದಿತ್ತು, ಇಣುಕಿದೆ. ಐದು. ಅದೂ ಸುಳ್ಳೆಂದು ಇಬ್ಬರಿಗೂ ಗೊತ್ತು.

ನಿಮ್ಮ ಕ್ಯಾಂಪಿಗೆ ಸಾಮಾನು ತರುವ ಲಾರಿ ಬೀದಿಯ ಕೊನೆಯಲ್ಲಿ ನಿಂತಿದೆ, ಡ್ರೈವರಣ್ಣನ ಕೈಗೆ ಇದನ್ನು ಕೊಡಬೇಕು. ಶನಿವಾರ ನಿಮಗೆ ಸಿಗುತ್ತದೆ. ಬೆಚ್ಚಗಿರಿ. ಗುಬ್ಬಿಯ ಮುತ್ತುಗಳು. ನಿಮ್ಮಮ್ಮನ ಆಶೀರ್ವಾದ, ಅವರ ಮಂಡಿನೋವು ಹೇಗಿದೆಯೆಂದರೆ ಉತ್ತರ ನಿಮಗೇ ಗೊತ್ತು.

ಇಂತಿ,
ನಿಮ್ಮ ಖಾಸಾ ದರ್ಜಿ

ತಾ.ಕ.: ಹಾರ್ನ್ ಹೊಡೆಯುತ್ತಿದ್ದಾರೆ. ನಿಮ್ಮ ಜೊತೆಯ ವೆಲ್ಡರನ ಹೆಂಡತಿ ಮೊನ್ನೆ ಬಟ್ಟೆ ಹೊಲಿಸಲು ಬಂದಿದ್ದಳು. ಕ್ರೇನಿನ ಸರಪಳಿಗೆ ಸಿಕ್ಕಿ ನಿಮ್ಮ ಎಡಗೈಯ ಎರಡು ಬೆರಳು ಹೋದದ್ದು ನನಗೆ ಗೊತ್ತಾಯಿತು. ಅದಾದ ಮೇಲೂ ಮೂರು ಭಾನುವಾರ ಪರವಾಗಿಲ್ಲ ಎಂದಿರಿ. ಜಗಳ ಆಮೇಲೆ ಆಡೋಣ. ಈ ಭಾನುವಾರ ಫೋನನ್ನು ಮೊದಲು ಗುಬ್ಬಿಯ ಕೈಗೆ ಕೊಡುತ್ತೇನೆ. ಎಷ್ಟು ನೋವಾಯಿತೆಂದು ಹತ್ತರಲ್ಲಿ ಅಂಕ ಹಾಕಿ ಅವಳಿಗೆ ಹೇಳಿ. ನಿಮ್ಮ ದಮ್ಮಯ್ಯ, ಕಮ್ಮಿ ಹೇಳಬೇಡಿ.