ಅಝೀಝಾಕನನ್ನು ಹೊರಗೆ ಕರೆಯುವುದು

18 ಜನವರಿ 2008, ಶುಕ್ರವಾರ. ಬೆಳಿಗ್ಗೆ 9.30

ಆರು ಗಂಟೆಗೆ ಐಸ್ ಹಾಕಿಯ ಪ್ರಾಕ್ಟೀಸ್. ಹದಿನಾಲ್ಕು ಜನ ಬಂದಿದ್ದರು. ಐಸ್ ಮೆತ್ತಗೆ. ರಿಂಕಿನ ಒಂದು ಕಂಪ್ರೆಸರ್ ಕೈಕೊಟ್ಟಿದೆ, ನಾಳೆ ಬಿಚ್ಚಬೇಕು. ಕೋಚ್ ನಾನೇ, ಮೆಕ್ಯಾನಿಕ್ಕೂ ನಾನೇ.

ಅಝೀಝಾಕ ಬಂದದ್ದು ಆರೂ ಇಪ್ಪತ್ತಕ್ಕೆ. ತಡವಾಗಿ ಬಂದವರು ಮೊದಲು ಹತ್ತು ಸುತ್ತು ಹಾಕಬೇಕು. ನಾನೇ ಮಾಡಿದ ರೂಲು. ಎರಡು ನಿಮಿಷ ತಡ ಮಾಡಿದ್ದಕ್ಕೆ ರಷ್ಯಾದ ಎಂಜಿನಿಯರ್ ಪಾಪ ಹತ್ತೂ ಸುತ್ತು ಹಾಕಿ ಮುಗಿಸಿದ್ದ. ಅಝೀಝಾಕ ಅವನ ಪಕ್ಕದಲ್ಲೇ ಹಾದು ಸೀದಾ ಗೋಲಿಗೆ ಹೋಗಿ ನಿಂತರು. ನಾನು ವಿಸಿಲ್ ಒರೆಸಿದೆ. ವಿಸಿಲ್‌ನಲ್ಲಿ ಕೊಳೆ ಏನೂ ಇರಲಿಲ್ಲ.

ಬೇರೆಯವರಿಗೆ ಅವರು ಗೋಲ್‌ಕೀಪರ್. ನನಗೆ ಧಣಿ. ಈ ಕೊಲ್ಲಿ ದೇಶದ ಟುಬ್ಲಿಯಲ್ಲಿ ಅವರ ಕೋಲ್ಡ್ ಸ್ಟೋರೇಜ್ ರಿಪೇರಿ ವರ್ಕ್‌ಶಾಪ್, ನಾನು ಅಲ್ಲಿ ಫೋರ್‌ಮನ್. ತಂಡವೂ ಅವರದೇ — ಟುಬ್ಲಿ ಕೂಲರ್ಸ್. ಮಂಗಳೂರು ಬಂದರಿನ ಬ್ಯಾರಿ, ನಲವತ್ತೇಳು ವಯಸ್ಸು, ಆಟದ ರಬ್ಬರ್ ಬಿಲ್ಲೆ, ಪಕ್, ಎದೆಗೆ ಬಡಿದರೆ ನಗುವ ಮನುಷ್ಯ. ವಾರದಲ್ಲಿ ಆರು ದಿನ ಅವರು ಹೇಳಿದ್ದನ್ನು ನಾನು ಕೇಳಬೇಕು. ಶುಕ್ರವಾರ ನಾನು ಹೇಳಿದ್ದನ್ನು ಅವರು ಕೇಳಬೇಕು. ಮೊದಲನೆಯದು ತಪ್ಪದೆ ನಡೆಯುತ್ತದೆ.

22 ಜನವರಿ, ಮಂಗಳವಾರ

ಅಬುಧಾಬಿಯ ಕ್ಲಬ್‌ನಿಂದ ಫೋನ್. ಹೆಡ್ ಕೋಚ್ ಬೇಕಂತೆ. ಫುಲ್ ಟೈಮ್. ವೀಸಾದಲ್ಲೂ ಕೋಚ್ ಎಂದೇ ಇರುತ್ತದಂತೆ. ನನ್ನ ಈಗಿನ ವೀಸಾದಲ್ಲಿ ಇರುವುದು ಎ.ಸಿ. ಮೆಕ್ಯಾನಿಕ್. ಫೈನಲ್ ನೋಡಲು ಅವರ ಮ್ಯಾನೇಜರ್ ಒಂದನೇ ತಾರೀಕು ಬರುತ್ತಾನೆ.

ಫೋನ್ ಇಟ್ಟು ವರ್ಕ್‌ಶಾಪಿನ ಹಿಂದೆ ಹೋಗಿ ನಿಂತೆ. ಹೆಡ್ ಕೋಚ್ ಎಂದು ಎರಡು ಸಲ ಗಟ್ಟಿಯಾಗಿ ಹೇಳಿ ನೋಡಿದೆ. ನಲವತ್ತೊಂದು ವರ್ಷಕ್ಕೆ ಹೀಗೆಲ್ಲ ಆಗಬಾರದು.

ರಿಂಕಿಗೆ ಮೊದಲು ಹೋದದ್ದು ಚಿಲ್ಲರ್ ಸರ್ವಿಸ್‌ಗೆ. ಆಗ ಕೆನಡಾದ ಕೋಚ್ ಒಬ್ಬರಿದ್ದರು. ಸ್ಪ್ಯಾನರ್ ಹಿಡಿದು ಗೋಡೆಯ ಹಿಂದೆ ನಿಂತು ಅವರ ಪ್ರಾಕ್ಟೀಸ್ ನೋಡುತ್ತಿದ್ದೆ, ಹೇಳಿದ್ದನ್ನೆಲ್ಲ ಬರೆದುಕೊಳ್ಳುತ್ತಿದ್ದೆ. ಬೆಳಿಗ್ಗೆ ರಿಂಕ್ ತೆರೆಯುವ ಮೊದಲು ಬಿದ್ದು ಬಿದ್ದು ಸ್ಕೇಟಿಂಗ್ ಕಲಿತೆ. 2004ರಲ್ಲಿ ಅವರು ಊರಿಗೆ ಹೋದರು. "ಇನ್ನು ನೀನೇ ನೋಡ್ಕೋ ಮಾಬಲ" ಎಂದರು ಅಝೀಝಾಕ. ಅಷ್ಟೇ ನನ್ನ ಅಪಾಯಿಂಟ್‌ಮೆಂಟ್ ಆರ್ಡರ್.

ಹೆಂಡತಿ ಉಷಾಲತಾಗೆ ಹೇಳಿದೆ. ಸಂತೋಷಪಟ್ಟಳು, ಆಮೇಲೆ ಕೇಳಿದಳು.

"ಅಝೀಝಾಕ ಎನ್‌ಒಸಿ ಕೊಡ್ತಾರಾ?"

ಅದೇ. ಇವನು ಹೋಗಬಹುದು ಎಂದು ಅವರು ಬರೆದು ಸೀಲು ಒತ್ತಬೇಕು. ಇಲ್ಲದಿದ್ದರೆ ಅಬುಧಾಬಿ ಇಲ್ಲ.

27 ಜನವರಿ, ಭಾನುವಾರ

ಕೇಳಿದೆ. ಮೂರು ಸಲ ಅವರ ಕ್ಯಾಬಿನ್ ತನಕ ಹೋಗಿ, ಎರಡು ಸಲ ಬೇರೇನೋ ಕೇಳಿ ಬಂದು, ಮೂರನೇ ಸಲ ಕೇಳಿದೆ.

"ಫೈನಲ್ ಮುಗೀಲಿ. ನೋಡುವ" ಎಂದರು. ಮುಖದಲ್ಲಿ ಏನೂ ಗೊತ್ತಾಗಲಿಲ್ಲ.

ಈ ಮನುಷ್ಯನೇ ನನ್ನನ್ನು ಇಲ್ಲಿಗೆ ತಂದದ್ದು. ಉಷಾಳ ವೀಸಾಕ್ಕೆ ಓಡಾಡಿದ್ದು. ಮಗಳು ತನ್ವಿ ಹುಟ್ಟಿದಾಗ ಆಸ್ಪತ್ರೆಯಲ್ಲಿ ನನಗಿಂತ ಮೊದಲು ಮಗುವನ್ನು ನೋಡಿದ್ದು ಅವರೇ, ನಾನು ಮೀನಾ ಸಲ್ಮಾನ್ ಬಂದರಿನಲ್ಲಿ ಒಂದು ಫ್ರೀಜರಿನೊಳಗೆ ರಿಪೇರಿ ಮಾಡುತ್ತಿದ್ದೆ. ಹೀಗಿರುವಾಗ ಬಿಟ್ಟುಹೋಗುತ್ತೇನೆ ಎನ್ನಲು ನಾಲಿಗೆ ಹೇಗೆ ಬಂತೋ.

1 ಫೆಬ್ರವರಿ, ಶುಕ್ರವಾರ. ರಾತ್ರಿ 8

ಸೋತೆವು. 2–3. ಎದುರಿಗೆ ಅಸ್ಕರ್ ಕಾರ್ಖಾನೆಯವರ ತಂಡ. ಮೂರು ಮ್ಯಾಚಿನ ಫೈನಲ್‌ನಲ್ಲಿ ಮೊದಲನೆಯದು ಹೋಯಿತು.

ಹೋಗಲಿ ಎನ್ನುವಂತಿಲ್ಲ. ಹಳೆಯ ಪುಸ್ತಕ ತೆಗೆದು ಓದಿದೆ, ಕೆನಡಾದವರು ಹೇಳಿದ್ದು, ನನ್ನದೇ ಅಕ್ಷರ: "ಕೊನೆಯ ನಿಮಿಷ, ಒಂದು ಗೋಲು ಹಿಂದೆ ಇದ್ದರೆ ಕೀಪರನ್ನು ಹೊರಗೆ ಕರೆ. ಅವನ ಜಾಗದಲ್ಲಿ ಇನ್ನೊಬ್ಬ ಫಾರ್ವರ್ಡ್. ಗೋಲು ಖಾಲಿ ಬಿಡು. ಧೈರ್ಯ ಕೋಚ್‌ನದು, ಕೀಪರನದಲ್ಲ." ಕೆಳಗೆ ಎರಡು ಗೆರೆ ಎಳೆದಿದ್ದೇನೆ.

ಇವತ್ತು ಕೊನೆಯ ನಿಮಿಷ. ಒಂದು ಗೋಲು ಹಿಂದೆ. ಬೆಂಚಿನ ಫಾರ್ವರ್ಡ್ ಒಂದು ಕಾಲು ರಿಂಕಿನ ಗಿಡ್ಡ ಗೋಡೆಯ ಮೇಲೆ ಇಟ್ಟು ಕಾಯುತ್ತಿದ್ದ. ನಾನು ಕೈ ಎತ್ತಬೇಕು, ಅಷ್ಟೇ. ಎತ್ತಿದೆ. ಅರ್ಧಕ್ಕೆ ಬಂತು. ಟೋಪಿ ಸರಿಮಾಡಿಕೊಂಡಿತು. ಕೆಳಗಿಳಿಯಿತು.

ಟೋಪಿ ಸರಿಯಾಗಿಯೇ ಇತ್ತು.

ಎನ್‌ಒಸಿಯ ಹೆದರಿಕೆಯಾ? ಇರಬಹುದು. ಆದರೆ ಅದೊಂದೇ ಅಲ್ಲ. ಅಝೀಝಾಕ ಎಂದು, ಅಣ್ಣ ಎಂದ ಹಾಗೆ, ಹತ್ತು ವರ್ಷ ಕರೆದ ಮನುಷ್ಯನನ್ನು ನೂರು ಜನರ ಎದುರು ಕೈಬೀಸಿ, ಏಳು ಅಲ್ಲಿಂದ, ಎನ್ನುವುದು... ಆಗಲಿಲ್ಲ.

ರಿಂಕಿನ ಗಡಿಯಾರ ನೋಡಿಕೊಳ್ಳುವ ಕಾರ್ಮಿನ್‌ಬಾಯಿ ಹೊರಡುವಾಗ ಕೇಳಿದರು, "ಮಾಬಲಣ್ಣ, ತಲೆಗೆ ಎಂತ ಆಗಿತ್ತು ನಿಮ್ಗೆ?" ಬೊಂದೇಲಿನ ಹೆಂಗಸು, ಏನನ್ನೂ ಬಿಡುವವರಲ್ಲ. ಅಬುಧಾಬಿಯವನು ಕೈಕುಲುಕಿ ಒಂದೇ ಮಾತು ಕೇಳಿದ: ಕೀಪರನ್ನು ಯಾಕೆ ತೆಗೆಯಲಿಲ್ಲ? ಯೋಚಿಸಿಯೇ ತೆಗೆಯಲಿಲ್ಲ ಎಂದೆ. ಸುಳ್ಳು.

3 ಫೆಬ್ರವರಿ, ಭಾನುವಾರ

ಅಝೀಝಾಕ ಕ್ಯಾಬಿನ್‌ಗೆ ಕರೆದರು. ಚಾ ತರಿಸಲಿಲ್ಲ. ಆಗಲೇ ಗೊತ್ತಾಯಿತು.

"ಕೊನೆಗೆ ನಾನು ನಿನ್ನ ಕೈಯನ್ನೇ ನೋಡ್ತಿದ್ದೆ ಮಾರಾಯ. ಒಂದು ಕಾಲು ಮುಂದೆ ಇಟ್ಟು ನಿಂತಿದ್ದೆ, ಓಡ್ಲಿಕ್ಕೆ. ನೀನು ಟೋಪಿ ಸರಿ ಮಾಡ್ತಿ!"

ನಾನು ಮೇಜಿನ ಮೇಲಿದ್ದ ಅವರ ಸೀಲು ನೋಡುತ್ತಿದ್ದೆ.

"ಗೋಲಿನಲ್ಲಿ ನಿಂತ ಮೇಲೆ ನಾನು ಧಣಿ ಅಂತ ಯಾರು ಹೇಳಿದ್ದು ನಿಂಗೆ?"

"ಮನಸ್ಸು ಬರ್ಲಿಲ್ಲ ಅಝೀಝಾಕ."

"ಹಾಗಾದ್ರೆ ಎನ್‌ಒಸಿ ಕೊಡ್ಲಿಕ್ಕೆ ನಂಗೂ ಮನಸ್ಸಿಲ್ಲ. ಅಲ್ಲಿ ಗೋಲ್‌ಕೀಪರ್ ಯಾರು ಗೊತ್ತುಂಟಾ? ಕ್ಲಬ್ ಓನರಿನ ಮಗ. ನನ್ನನ್ನು ಕರೀಲಿಕ್ಕೆ ಆಗದವ ಅವನನ್ನು ಕರೀತೀಯಾ? ಮೂರು ತಿಂಗಳಲ್ಲಿ ವಾಪಸ್ ಕಳಿಸ್ತಾರೆ. ಮತ್ತೆ ಇಲ್ಲಿ ಬಂದು ನನ್ನ ಎದುರು ತಲೆ ಕೆಳಗೆ ಹಾಕ್ತಿ. ಅದು ನಂಗೆ ನೋಡ್ಲಿಕ್ಕಾಗುದಿಲ್ಲ."

ಕೋಪ ಬಂತು. ಅವರ ಮೇಲೆ ಸ್ವಲ್ಪ, ಉಳಿದದ್ದೆಲ್ಲ ನನ್ನ ಮೇಲೆ. ಹೇಳಿದ್ದರಲ್ಲಿ ಒಂದಕ್ಷರ ತೆಗೆದುಹಾಕುವಂತಿಲ್ಲ.

8 ಫೆಬ್ರವರಿ, ಶುಕ್ರವಾರ

ಗೆದ್ದೆವು, 5–1. ಯಾರನ್ನೂ ಹೊರಗೆ ಕರೆಯುವ ಪ್ರಸಂಗ ಬರಲಿಲ್ಲ. ಬರದಿರಲಿ ಎಂದು ಹರಸಿಕೊಂಡ ಕೋಚ್ ಜಗತ್ತಿನಲ್ಲಿ ನಾನೊಬ್ಬನೇ ಇರಬೇಕು.

15 ಫೆಬ್ರವರಿ, ಶುಕ್ರವಾರ. ರಾತ್ರಿ 8.30

ಬರೆಯಲು ಕುಳಿತು ಅರ್ಧ ಗಂಟೆ ಆಯಿತು.

2–3. ಮತ್ತೆ ಅದೇ ಲೆಕ್ಕ. ಒಂದು ನಿಮಿಷ ಹತ್ತು ಸೆಕೆಂಡ್ ಬಾಕಿ. ಅಝೀಝಾಕನ ಹೆಂಡತಿ ಹಲೀಮಾ, ಊರಿಂದ ಬಂದ ಅವರ ಅತ್ತೆ, ಮಾವ, ಎಲ್ಲ ಮೊದಲ ಸಾಲಿನಲ್ಲಿದ್ದರು. ಮಾವ ಫೋಟೋ ತೆಗೆಯುತ್ತಿದ್ದರು.

ಟೋಪಿ ಮನೆಯಲ್ಲೇ ಬಿಟ್ಟು ಹೋಗಿದ್ದೆ.

ಕೈ ಎತ್ತಿದೆ. ಪೂರ್ತಿ. ಸಾಲದ್ದಕ್ಕೆ ಕೂಗಿದೆ ಕೂಡ, "ಅಝೀಝಾಕ, ಹೊರಗೆ!" ಇಡೀ ರಿಂಕಿಗೆ ಕೇಳಿಸಿತು.

ಅವರು ನನ್ನನ್ನು ನೋಡಿದರು. ಓಡಲಿಲ್ಲ. ಅವತ್ತು ಒಂದು ಕಾಲು ಮುಂದೆ ಇಟ್ಟು ನಿಂತಿದ್ದೆ ಎಂದವರು ಎರಡು ಸೆಕೆಂಡ್ ಕಂಬದಂತೆ ನಿಂತರು. ಆಮೇಲೆ ಬಂದರು. ಬೆಂಚಿನ ಕಟ್ಟಕಡೆಯಲ್ಲಿ ಕುಳಿತರು, ನನಗೆ ಬೆನ್ನುಹಾಕಿ.

ನಲವತ್ತು ಸೆಕೆಂಡ್ ನಮ್ಮದೇ ಆಟ. ಎರಡು ಸಲ ಗೋಲಿನ ಕಂಬಕ್ಕೆ ಬಡಿಯಿತು. ಮತ್ತೆ ಅಸ್ಕರಿನವನೊಬ್ಬ ರಿಂಕಿನ ಅರ್ಧದಿಂದ ಹೊಡೆದ. ಪಕ್ ಮೆಲ್ಲಗೆ, ತೀರಾ ಮೆಲ್ಲಗೆ ಜಾರಿಕೊಂಡು ಹೋಗಿ ಖಾಲಿ ಗೋಲಿನೊಳಗೆ ಕೂತಿತು. 2–4.

ಅಝೀಝಾಕ ಪ್ಯಾಡ್ ಕೂಡ ಬಿಚ್ಚದೆ ಕಾರು ಹತ್ತಿದರು. ಮಾವನ ಮುಖ ನೋಡಲಾಗಲಿಲ್ಲ.

ಎನ್‌ಒಸಿ ಹೋಯಿತು. ಅಬುಧಾಬಿಯೂ ಹೋಯಿತು. ಆದರೂ ಇಲ್ಲಿ ಯಾರೂ ಓದುವುದಿಲ್ಲ, ಬರೆದುಬಿಡುತ್ತೇನೆ: ಕೈ ಮೇಲಿದ್ದ ಆ ಎರಡು ಸೆಕೆಂಡ್ ನನಗೆ ಹೆದರಿಕೆ ಇರಲಿಲ್ಲ. ಸಂತೋಷ ಇತ್ತು.

19 ಫೆಬ್ರವರಿ, ಮಂಗಳವಾರ

ಅಝೀಝಾಕ ಮಾತಾಡುತ್ತಿಲ್ಲ. ಕೆಲಸದ ವಿಷಯ ಚೀಟಿಯಲ್ಲಿ ಬರೆದು ಕಳಿಸುತ್ತಾರೆ. "ಜಫೇರ್ ಹೋಟೆಲ್, ಫ್ರೀಜರ್ 2." ಕೆಳಗೆ ಸಹಿ. ಹತ್ತು ಹೆಜ್ಜೆ ದೂರದಿಂದ ಸಹಿ!

ಉಷಾ ಹೇಳುತ್ತಾಳೆ, "ಅವರೇ ಕರಿ ಅಂದದ್ದಲ್ವಾ? ಕರ್ದ್ರಿ. ಈಗ ಎಂತ ಮೋರೆ ಉಬ್ಬಿಸುದು?" ಹೇಳುವಾಗ ಎಲ್ಲರೂ ಆಟಗಾರರೇ. ಮಾವನ ಕ್ಯಾಮೆರಾದ ಎದುರು ಎದ್ದು ಬರಬೇಕಾದಾಗ ಗೊತ್ತಾಗುತ್ತದೆ. ಅವರ ಮೇಲೆ ಸಿಟ್ಟಿಲ್ಲ ನನಗೆ.

ಅಬುಧಾಬಿಯಿಂದ ಮತ್ತೆ ಫೋನ್ ಬಂದಿತ್ತು. ಸೋತ ವಿಷಯ ಹೇಳಿದೆ. ಅವನು ಕೇಳಿದ್ದು, ಕೀಪರನ್ನು ತೆಗೆದೆಯಾ? ಹೌದು ಎಂದೆ. ಹಾಗಾದರೆ ಯಾವಾಗ ಬರುತ್ತೀ? ಕಾಗದ ಆದ ಮೇಲೆ ಎಂದೆ. ಮಾರ್ಚ್ ಹತ್ತರೊಳಗೆ ಬೇಕಂತೆ.

29 ಫೆಬ್ರವರಿ, ಶುಕ್ರವಾರ. ಬೆಳಿಗ್ಗೆ 10

ಸೀಸನ್ನಿನ ಕೊನೆಯ ಪ್ರಾಕ್ಟೀಸ್. ಆರಕ್ಕೆ ಎಲ್ಲರೂ ಇದ್ದರು, ಅಝೀಝಾಕ ಇಲ್ಲ. ಬರುವುದಿಲ್ಲ ಎಂದುಕೊಂಡು ಖಾಲಿ ಗೋಲಿಗೇ ಶಾಟ್ ಹೊಡೆಸಿದೆ.

ಆರೂ ಇಪ್ಪತ್ತೈದಕ್ಕೆ ಬಂದರು. ಪೂರ್ತಿ ಕಿಟ್ಟಿನಲ್ಲಿ. ಐಸಿಗೆ ಇಳಿದು ಗೋಲಿನ ಕಡೆ ತಿರುಗಿದರು. ಎಲ್ಲರೂ ನನ್ನ ಮುಖ ನೋಡಿದರು. ರಷ್ಯಾದವನಂತೂ ಕೋಲು ಊರಿ ನಿಂತೇಬಿಟ್ಟ.

"ಹತ್ತು ಸುತ್ತು, ಅಝೀಝಾಕ."

ನಿಂತರು. ತಿರುಗಿ ಸುತ್ತು ಹಾಕತೊಡಗಿದರು.

ಕೀಪರನ ಪ್ಯಾಡಿನಲ್ಲಿ ಒಂದು ಸುತ್ತೇ ಸಾಕು. ನಾಲ್ಕಕ್ಕೆ ಮುಖ ಕೆಂಪು. ಆರಕ್ಕೆ ಗೋಡೆ ಹಿಡಿದು ನಿಂತು ಉಸಿರು ತೆಗೆದುಕೊಂಡರು. ಸಾಕು ಎನ್ನಲು ಬಾಯಿ ತೆರೆದೆ — ಕಣ್ಣು ಬಿಟ್ಟು ಗದರಿಸಿದರು. ಹತ್ತೂ ಮುಗಿಸಿದರು. ನನ್ನ ಎದುರು ಬಂದು, ಎದೆಯ ಪ್ಯಾಡಿನೊಳಗೆ ಕೈಹಾಕಿ ಒಂದು ಕವರ್ ತೆಗೆದರು. ಬೆವರಿಗೆ ತೊಪ್ಪೆಯಾಗಿತ್ತು.

"ಮಾವನಿಗೆ ಹೇಳಿದೆ, ಅವ ನನ್ನ ಕೋಚ್, ಕರ್ದ್ರೆ ಹೋಗ್ಬೇಕು ಅಂತ. ಹೇಳ್ಲಿಕ್ಕೆ ಎರಡು ವಾರ ಬೇಕಾಯ್ತು ಮಾರಾಯ." ಅಷ್ಟು ಹೇಳಿ ಗೋಲಿಗೆ ಹೋಗಿ ನಿಂತರು.

ಹೊರಗೆ ಬರುವಾಗ ಕಾರ್ಮಿನ್‌ಬಾಯಿ ಹೇಳಿದರು, ಅವರ ಗಾಡಿ ಐದೂಮುಕ್ಕಾಲಿಗೇ ಬಂದಿತ್ತಂತೆ. ಒಳಗೆ ಕೂತು ವಾಚ್ ನೋಡುತ್ತಿದ್ದರಂತೆ.

ಮನೆಗೆ ತಂದು ಬಿಚ್ಚಿದೆವು: ಎನ್‌ಒಸಿ. ಸೀಲಿನ ಇಂಕ್ ಹರಡಿ ನೀಲಿ ಕೆಸರು. ನಡೆಯುವುದಿಲ್ಲ, ನಾಳೆ ಬೇರೆ ಮಾಡಿಸಬೇಕು. ಕೇಳುತ್ತೇನೆ. ಒಂದೇ ಸಲಕ್ಕೆ ಕ್ಯಾಬಿನ್‌ನೊಳಗೆ ಹೋಗಿ ಕೇಳುತ್ತೇನೆ. ಟೈಪ್ ಮಾಡಿದ್ದು ಮಾತ್ರ ಓದಲು ಬರುತ್ತದೆ: ನಾಲ್ಕು ವರ್ಷದಿಂದ ನಮ್ಮ ಹೆಡ್ ಕೋಚ್. ಎ.ಸಿ. ಮೆಕ್ಯಾನಿಕ್ ಎಂಬುದು ಎಲ್ಲೂ ಇಲ್ಲ. ಉಷಾ ಅದನ್ನು ಫ್ಯಾನಿನ ಕೆಳಗೆ ಹರಡಿ, ಹಾರದಂತೆ ನನ್ನ ವಿಸಿಲ್ ಇಟ್ಟಿದ್ದಾಳೆ.

ಎರಡು ಸಲ ಓದಿದೆ. ಖುಷಿ ಎಷ್ಟಿರಬೇಕೋ ಅಷ್ಟಿದೆ. ಒಂದೇ ವಿಷಯ ತಲೆಯಲ್ಲಿ ಸುತ್ತುತ್ತಿದೆ... ಮುಂದಿನ ಸೀಸನ್ನಿಗೂ ಗೋಲಿನಲ್ಲಿ ಅವರೇ ನಿಲ್ಲುತ್ತಾರೆ. ಬೇರೆಯವರಿಗೆ ಬಿಡುವ ಜನ ಅಲ್ಲ. ಕೊನೆಯ ನಿಮಿಷ ಬಂದೇ ಬರುತ್ತದೆ, ಒಂದು ಕಾಲು ಮುಂದೆ ಇಟ್ಟು ಬೆಂಚಿನ ಕಡೆ ನೋಡುತ್ತಾರೆ. ಆಗ ಅವರನ್ನು ಹೊರಗೆ ಕರೆಯುವವರು ಯಾರು ಎಂದು —